ಗರಿಕೆ ಬೇರಿನ ಗುಲಂದಿ

ಪೀಣ್ಯದ ಕಾರ್ಖಾನೆಗಳ ಸದ್ದನ್ನು ಹಿಂದೆ ಬಿಟ್ಟು ಉತ್ತರಕ್ಕೆ ಸಾಗಿದರೆ ಹೆಸರಘಟ್ಟದ ಹುಲ್ಲುಗಾವಲು ಸಿಗುತ್ತದೆ. ಕಾರ್ತಿಕದ ಒಂದು ಭಾನುವಾರ ಬೆಳಗ್ಗೆ ಹಕ್ಕಿಗಳನ್ನು ನೋಡಲೆಂದು ಮಗಳೊಡನೆ ಅಲ್ಲಿಗೆ ಹೋಗಿದ್ದೆ. ಅವಳ ಕಣ್ಣಿಗೆ ಮೊದಲು ಬಿದ್ದದ್ದು ಹಕ್ಕಿಯಲ್ಲ, ಲಂಟಾನ ಪೊದೆಯ ಬುಡದಲ್ಲಿ ಹುಲ್ಲನ್ನು ಸೀಳಿಕೊಂಡು ಹೋಗಿದ್ದ ಎರಡು ಬೆರಳಗಲದ ಒಂದು ಹಾದಿ.

"ಅಪ್ಪಾ, ಇದು ಯಾರ ರಸ್ತೆ?"

ಉತ್ತರ ನನಗೆ ಗೊತ್ತಿತ್ತು. ಆದರೆ ಅದನ್ನು ಕಲಿತದ್ದು ಪ್ರಾಣಿಶಾಸ್ತ್ರದಿಂದಲ್ಲ, ಶಾಸನಗಳ ದೆಸೆಯಿಂದ! ಕನ್ನಡ ಶಾಸನಗಳನ್ನು ಓದುವವರಿಗೆ ವಾಲ್ಟರ್ ಎಲಿಯಟ್ ಅಪರಿಚಿತನಲ್ಲ. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಮಡಿದಾಗ ರಾಣಿ ಚೆನ್ನಮ್ಮನಿಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಈತನೊಬ್ಬ. ಬಿಡುಗಡೆಯಾದ ಮೇಲೆ ಈ ನಾಡಿನ ನೂರಾರು ಶಾಸನಗಳಿಗೆ ಪ್ರತಿ ಮಾಡಿಸಿದ. ಅದೇ ಆಸ್ಥೆಯಿಂದ ಧಾರವಾಡ ಸೀಮೆಯ ಪ್ರಾಣಿಗಳನ್ನೂ ಗಮನಿಸಿ, ಜನರ ಬಾಯಲ್ಲಿದ್ದ ಹೆಸರುಗಳ ಸಮೇತ 1839ರಲ್ಲಿ ಒಂದು ಪಟ್ಟಿ ಪ್ರಕಟಿಸಿದ. ಅದರಲ್ಲಿ 'ಗುಲಂದಿ' ಎಂಬ ಪೊದೆಯಿಲಿಯೂ ಇದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರೇ ಎಂಬ ವಿದ್ವಾಂಸ 1837ರಲ್ಲೇ ಇದಕ್ಕೆ 'ಗೋಲುಂಡ ಎಲಿಯೊಟಿ' ಎಂದು ಶಾಸ್ತ್ರೀಯ ನಾಮಕರಣ ಮಾಡಿದ್ದ. ನಮ್ಮ ಹೊಲದ ಮಾತೂ ಚೆನ್ನಮ್ಮನ ಸೆರೆಯಾಳಿನ ಹೆಸರೂ ಹೀಗೆ ಒಂದು ಇಲಿಯ ಬೆನ್ನೇರಿ ಜಗತ್ತನ್ನು ಸುತ್ತಿವೆ!

ಗುಲಂದಿಯ ಮೈ ಐದಂಗುಲದಷ್ಟು. ಬಾಲ ಅದಕ್ಕಿಂತ ಗಿಡ್ಡ. ಕಂದು ಹಳದಿಯ ಒರಟು ತುಪ್ಪಳ. ಮೇಲಿನ ಬಾಚಿಹಲ್ಲುಗಳಲ್ಲಿ ಗೀರು. ಯೂರೋಪಿನ ಹುಲ್ಲುಗಾವಲುಗಳಲ್ಲಿ 'ವೋಲ್' ಎಂಬ ಮೋಟುಬಾಲದ ಪ್ರಾಣಿ ನಡೆಸುವ ಸಂಸಾರವನ್ನು, ವೋಲ್‌ಗಳೇ ಇಲ್ಲದ ನಮ್ಮ ದಕ್ಷಿಣದಲ್ಲಿ ಇದು ನಡೆಸುತ್ತದೆ. ಮುಳ್ಳುಪೊದೆಯಲ್ಲಿ ಒಣಹುಲ್ಲಿನ ನಾರು ಹೆಣೆದು ಗುಂಡನೆಯ ಗೂಡು ಕಟ್ಟಿ, ಒಳಗೆ ಮುದುಡಿ ಮಲಗುತ್ತದೆ. ಬೆಳಗ್ಗೆ, ಸಂಜೆ ತನ್ನದೇ ಹಾದಿಗಳಲ್ಲಿ ಮೇಯಲು ಹೊರಡುತ್ತದೆ. ಎಲಿಯಟ್ ಅದರ ಹೊಟ್ಟೆ ಸೀಳಿ ನೋಡಿದಾಗ ಸಿಕ್ಕದ್ದು ಗರಿಕೆಯ ಬೇರು ಮಾತ್ರ. ಗಣಪನಿಗೆ ಗರಿಕೆಯ ಮೇಲೆ ಏಕಷ್ಟು ಪ್ರೀತಿಯೆಂದು ಅವನ ವಾಹನವನ್ನೇ ಕೇಳಬೇಕು!

ಅದರ ನಡಿಗೆ ನಿಧಾನ. ಬೇರೆ ಇಲಿಗಳಂತೆ ಚಂಗನೆ ಜಿಗಿದು ಪಾರಾಗುವ ಶಕ್ತಿ ಇಲ್ಲ.

ಆದರೂ ರೈತನಿಗೆ ಇಲಿಯೆಂದರೆ ಸಿಟ್ಟು. ಅದಕ್ಕೆ ಕಾರಣವೂ ಎಲಿಯಟ್ಟನಲ್ಲೇ ಇದೆ. 'ಮೆಟ್ಟಡೆ' ಎಂಬ ಇನ್ನೊಂದು ಇಲಿ ಬೇಸಿಗೆಯಲ್ಲಿ ಎರೆಹೊಲದ ಬಿರುಕುಗಳಲ್ಲಿ ವಾಸಿಸುತ್ತದೆ. ಮಳೆ ಬಿದ್ದೊಡನೆ ಬಿರುಕು ಮುಚ್ಚಿ ಅಸಂಖ್ಯ ಇಲಿಗಳು ಒಳಗೇ ಹೂತು ಸಾಯುತ್ತವೆ. ಪ್ರಕೃತಿಯ ಲೆಕ್ಕ ಸರಿಹೋಗುತ್ತದೆ. 1826ರಲ್ಲಿ ಮುಂಗಾರು ಕೈಕೊಟ್ಟಿತು. ಬದುಕುಳಿದ ಮೆಟ್ಟಡೆಗಳು ಬಿತ್ತಿದ ಬೀಜವನ್ನೇ ತಿಂದವು. ಉಳಿದದ್ದು ಬೆಳೆದಾಗ ಜೋಳದ ದಂಟು ಹತ್ತಿ ತೆನೆ ಕತ್ತರಿಸಿದವು. ರೈತರು ಕಂದಾಯ ಕಟ್ಟಲಾರದೆ ಹೋದರು. ಡಜನ್ ಲೆಕ್ಕದಲ್ಲಿ ಧಾನ್ಯ ಕೂಲಿ ಕೊಟ್ಟು ಸಾವಿರಾರು ಇಲಿಗಳನ್ನು ಕೊಲ್ಲಿಸಿದರೂ ಕಾಟ ತಗ್ಗಲಿಲ್ಲ.

ಈ ಮೆಟ್ಟಡೆಗೂ ಪೊದೆಯ ಗುಲಂದಿಗೂ ನಾವು ಭೇದವೆಣಿಸುವುದಿಲ್ಲ. ನಮ್ಮ ಬಡಾವಣೆಯಲ್ಲಿ ಪಕ್ಕದ ಖಾಲಿ ನಿವೇಶನದ ಪೊದೆಗೆ ಕಳೆದ ವರ್ಷ ಇಲಿ ಪಾಷಾಣ ಸುರಿದರು. ಸುರಿಯಲು ಚಂದಾ ಕೊಟ್ಟವರಲ್ಲಿ ನಾನೂ ಒಬ್ಬ. ವಿಷ ತಿಂದ ಇಲಿಯನ್ನು ತಿಂದ ಗೂಬೆಯೂ ಸಾಯಬಹುದೆಂದು ಅಂದು ನಾನು ಯೋಚಿಸಿರಲಿಲ್ಲ. ರಾತ್ರಿ ನೀರಿನ ತೊಟ್ಟಿಯ ಮೇಲೆ ಬಂದು ಕೂರುತ್ತಿದ್ದ ಕಣಜಗೂಬೆ ಈಗ ಬರುವುದಿಲ್ಲ.

ಮಗಳಿಗೆ ಇದಿಷ್ಟನ್ನೂ ಹೇಳಲಿಲ್ಲ. ಗೂಡನ್ನು ಮಾತ್ರ ತೋರಿಸಿದೆ. ಮೇಲೆ, ಚಳಿಗಾಲಕ್ಕೆಂದು ದೂರದಿಂದ ಬಂದ ಸೆಳೆವವೊಂದು ಹುಲ್ಲಿನ ತುದಿ ಸವರುವಂತೆ ತೇಲುತ್ತ ಬಂತು. ಅವಳು ನನ್ನ ತೋಳು ಹಿಡಿದು, "ಅದಕ್ಕೆ ಈ ರಸ್ತೆ ಕಾಣಿಸುತ್ತದೆಯೇ?" ಎಂದು ಪಿಸುಗುಟ್ಟಿದಳು.