ತಾತನ ಕಾರಿಗೆ ಯಾವ ವಿಮೆ?

ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರನ್ನು ಊಹಿಸಿಕೊಳ್ಳಿ. ವಯಸ್ಸು ಅರವತ್ತೆಂಟು. ಏಳು ವರ್ಷ ಹಳೆಯದಾದ, 1197 ಸಿ.ಸಿ.ಯ ಪುಟ್ಟ ಕಾರು. ತಿಂಗಳಿಗೊಮ್ಮೆ ನಂಜನಗೂಡಿಗೆ, ವಾರಕ್ಕೊಮ್ಮೆ ತರಕಾರಿಗೆ, ಆಗಾಗ ಆಸ್ಪತ್ರೆಗೆ. ಅದಕ್ಕಿಂತ ಹೆಚ್ಚಿಗೆ ಕಾರು ಓಡುವುದಿಲ್ಲ. ವಿಮೆ ಮುಗಿಯಲು ಹತ್ತು ದಿನವಿದೆ. ಬಿ.ಕಾಂ. ಓದುತ್ತಿರುವ ಮೊಮ್ಮಗಳು ಮೊಬೈಲಿನಲ್ಲಿ ನೋಡಿದರೆ ಒಂದೇ ಕಾರಿಗೆ ಹತ್ತು ಕಂಪನಿಗಳ ಹತ್ತು ದರ! ತಾತನದು ಪಿಂಚಣಿಯ ಬದುಕು. ‘ಎಲ್ಲಕ್ಕಿಂತ ಕಡಿಮೆಯದನ್ನೇ ಮಾಡಿಬಿಡು’ ಎನ್ನುತ್ತಾರೆ ಅವರು.

ಇಂಥ ಸನ್ನಿವೇಶ ಇಂದು ಎಷ್ಟೋ ಮನೆಗಳಲ್ಲಿ ಉಂಟು. 2007ಕ್ಕೆ ಮುಂಚೆ ಈ ಗೊಂದಲ ಇರಲಿಲ್ಲ. ವಾಹನ ವಿಮೆಯ ದರ ಎಲ್ಲ ಕಂಪನಿಗಳಲ್ಲೂ ಒಂದೇ. ಪರಿಚಯದ ಏಜೆಂಟರು ಮನೆಗೆ ಬಂದು ರಸೀದಿ ಹರಿದುಕೊಟ್ಟರೆ ಕೆಲಸ ಮುಗಿಯಿತು. 2007ರ ಜನವರಿಯಿಂದ ಸ್ವಂತ ವಾಹನದ ಹಾನಿಗೆ ಸಂಬಂಧಿಸಿದ ದರವನ್ನು ಕಂಪನಿಗಳೇ ನಿಗದಿ ಮಾಡತೊಡಗಿದವು. ಹಾಗಾಗಿ ಹೋಲಿಸಿ ನೋಡುವ ಜವಾಬ್ದಾರಿ ಈಗ ಗ್ರಾಹಕರ ಮೇಲಿದೆ.

ವಯಸ್ಸಾದರೆ ದರ ಏರುವುದೇ?

ಬ್ರಿಟನ್, ಅಮೆರಿಕಗಳಲ್ಲಿ ಎಪ್ಪತ್ತು ದಾಟಿದ ಚಾಲಕರಿಗೆ ವಿಮೆಯ ಕಂತು ಏರುವುದು ಸಾಮಾನ್ಯ. ಅಲ್ಲಿರುವ ಮಕ್ಕಳ ಮಾತು ಕೇಳಿ ಇಲ್ಲಿನ ಹಿರಿಯರೂ ಹೆದರುವುದುಂಟು. ಆದರೆ ನಮ್ಮಲ್ಲಿ ಲೆಕ್ಕ ಬೇರೆ.

ಕಾರಿನ ವಿಮೆಯಲ್ಲಿ ಮುಖ್ಯವಾಗಿ ಎರಡು ಭಾಗ. ಮೊದಲನೆಯದು ಥರ್ಡ್ ಪಾರ್ಟಿ ವಿಮೆ. ನಮ್ಮ ಕಾರಿನಿಂದ ಬೇರೆಯವರಿಗೆ ಪೆಟ್ಟಾದರೆ, ಸಾವು ಸಂಭವಿಸಿದರೆ ಪರಿಹಾರ ಕೊಡುವ ಭಾಗ ಇದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇದು ಕಡ್ಡಾಯ. ಇದರ ದರವನ್ನು ಸರ್ಕಾರವೇ ಗೊತ್ತುಪಡಿಸುತ್ತದೆ. ಅದು ನಿಂತಿರುವುದು ಎಂಜಿನ್ನಿನ ಗಾತ್ರದ ಮೇಲೆ, ಚಾಲಕರ ವಯಸ್ಸಿನ ಮೇಲಲ್ಲ. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿ.ಸಿ.ವರೆಗಿನ ಕಾರಿಗೆ 2,094 ರೂಪಾಯಿ, 1000ದಿಂದ 1500 ಸಿ.ಸಿ.ವರೆಗಿನದಕ್ಕೆ 3,416, ಅದಕ್ಕೂ ದೊಡ್ಡದಕ್ಕೆ 7,897 ರೂಪಾಯಿ ಇತ್ತು. ತೆರಿಗೆ ಬೇರೆ. ಈ ಭಾಗದಲ್ಲಿ ಚೌಕಾಸಿಗೆ ಎಡೆಯಿಲ್ಲ.

ಎರಡನೆಯದು ಸ್ವಂತ ಕಾರಿನ ಹಾನಿಗೆ, ಕಳವಿಗೆ ಸಂಬಂಧಿಸಿದ್ದು. ದರದಲ್ಲಿ ವ್ಯತ್ಯಾಸ ಕಾಣುವುದು ಇಲ್ಲಿ. ಹಿರಿಯರಿಗೆ ಲಾಭವಾಗುವುದೂ ಇಲ್ಲಿಯೇ.

ಬೋನಸ್ ಎಂಬ ಗಂಟು

ವರ್ಷವಿಡೀ ಪರಿಹಾರ ಕೇಳದಿದ್ದರೆ ಮುಂದಿನ ವರ್ಷ ಸ್ವಂತ ಹಾನಿಯ ಕಂತಿನಲ್ಲಿ ಶೇ 20 ರಿಯಾಯಿತಿ ಸಿಗುತ್ತದೆ. ಇದೇ ನೋ ಕ್ಲೇಮ್ ಬೋನಸ್. ಹೀಗೆ ಸತತವಾಗಿ ಉಳಿಸಿಕೊಂಡರೆ ಅದು ಶೇ 25, 35, 45 ಆಗಿ ಐದನೆಯ ವರ್ಷಕ್ಕೆ ಶೇ 50 ಮುಟ್ಟುತ್ತದೆ. ನಿಧಾನವಾಗಿ ಕಾರು ಓಡಿಸುವ ಹಿರಿಯರ ಹತ್ತಿರ ಈ ಗಂಟು ಸಾಮಾನ್ಯವಾಗಿ ಭದ್ರವಾಗಿರುತ್ತದೆ. ಅದು ಕರಗುವುದು ಸಣ್ಣಪುಟ್ಟ ಪರಿಹಾರ ಕೇಳಿದಾಗ.

ಒಂದು ಲೆಕ್ಕ ಮಾಡಿ ನೋಡಬಹುದು. ಮೇಷ್ಟ್ರ ಕಾರಿನ ಸ್ವಂತ ಹಾನಿಯ ಕಂತು 6,000 ರೂಪಾಯಿ ಎಂದಿಟ್ಟುಕೊಳ್ಳೋಣ. ಶೇ 50 ಬೋನಸ್ ಇರುವುದರಿಂದ ಅವರು ಕಟ್ಟುವುದು 3,000. ಗೇಟಿಗೆ ತಗುಲಿ ಬಂಪರ್ ಒಡೆಯಿತು. ಬಂಪರಿಗೆ 3,000, ಕೂಲಿ 1,000, ಒಟ್ಟು 4,000 ರೂಪಾಯಿ ಖರ್ಚು. ಪ್ಲಾಸ್ಟಿಕ್ ಭಾಗಗಳಿಗೆ ಸವಕಳಿಯೆಂದು ಅರ್ಧ ಬೆಲೆ ಕಳೆಯುತ್ತಾರೆ. ಉಳಿಯುವುದು 2,500. ಅದರಲ್ಲಿ ಮಾಲೀಕರೇ ಭರಿಸಬೇಕಾದ ಕಡ್ಡಾಯ ಮೊತ್ತ 1,000 ರೂಪಾಯಿ. ಕೈಗೆ ಬರುವುದು 1,500.

ಕಳೆದುಕೊಳ್ಳುವುದೆಷ್ಟು? ಮುಂದಿನ ವರ್ಷ ಬೋನಸ್ ಸೊನ್ನೆ. 3,000 ರೂಪಾಯಿ ಹೆಚ್ಚು ಕಟ್ಟಬೇಕು. ಬಳಿಕ ಏಣಿಯನ್ನು ಮತ್ತೆ ಮೊದಲಿನಿಂದ ಹತ್ತುವಾಗ ಕ್ರಮವಾಗಿ 1,800, 1,500, 900, 300. ಕಂತು ಬದಲಾಗದೆ ಅಷ್ಟೇ ಇದ್ದರೂ ಐದು ವರ್ಷದಲ್ಲಿ ಒಟ್ಟು 7,500 ರೂಪಾಯಿ ನಷ್ಟ! 1,500ಕ್ಕಾಗಿ 7,500 ಕಳೆದುಕೊಳ್ಳುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಸಣ್ಣ ರಿಪೇರಿಯನ್ನು ಕೈಯಿಂದಲೇ ಮಾಡಿಸಿ, ದೊಡ್ಡ ಆಪತ್ತಿಗೆ ವಿಮೆಯನ್ನು ಕಾದಿರಿಸುವುದು ಜಾಣತನ.

ಮರೆವು ಕೂಡ ಬೋನಸ್ಸಿನ ಶತ್ರು. ವಿಮೆ ಮುಗಿದ 90 ದಿನದೊಳಗೆ ನವೀಕರಿಸದಿದ್ದರೆ ಅದು ಪೂರ್ತಿ ಹೋಗುತ್ತದೆ. ನಡುವಿನ ದಿನಗಳಲ್ಲಿ ಅಪಘಾತವಾದರೆ ಯಾವ ರಕ್ಷಣೆಯೂ ಇರುವುದಿಲ್ಲ. ಬೋನಸ್ ಕಾರಿನದಲ್ಲ, ಮಾಲೀಕರದು ಎಂಬುದೂ ನೆನಪಿರಲಿ. ಕಾರು ಮಾರಿದವರು ಅದರ ಪ್ರಮಾಣಪತ್ರ ಪಡೆದರೆ ಮೂರು ವರ್ಷದೊಳಗೆ ಕೊಳ್ಳುವ ಬೇರೆ ಕಾರಿಗೆ ಬಳಸಬಹುದು. ಮಾಲೀಕರು ತೀರಿಕೊಂಡು ಕಾರು ಪತಿ, ಪತ್ನಿ ಅಥವಾ ಮಕ್ಕಳ ಪಾಲಿಗೆ ಬಂದರೆ ಬೋನಸ್ ಕೂಡ ಅವರಿಗೆ ಸಲ್ಲುತ್ತದೆ.

ಎಲ್ಲಿ ಉಳಿಸಬೇಕು, ಎಲ್ಲಿ ಬಾರದು

ಕೆಲವು ಪಾಲಿಸಿಗಳು ಅಗ್ಗವಾಗಿ ಕಾಣುವುದಕ್ಕೆ ಕಾರಿನ ಮೌಲ್ಯವನ್ನು ಕಡಿಮೆ ತೋರಿಸಿರುವುದೇ ಕಾರಣ. ಇದನ್ನು ಐ.ಡಿ.ವಿ. ಎನ್ನುತ್ತಾರೆ. ಕಾರು ಕಳವಾದರೆ ಅಥವಾ ರಿಪೇರಿಯ ವೆಚ್ಚ ಐ.ಡಿ.ವಿ.ಯ ಮುಕ್ಕಾಲು ಭಾಗವನ್ನು ಮೀರಿದರೆ ಸಿಗುವ ಮೊತ್ತಕ್ಕೆ ಇದೇ ಆಧಾರ. ಐದು ವರ್ಷ ದಾಟಿದ ಕಾರಿಗೆ ಇದನ್ನು ಮಾಲೀಕರು ಮತ್ತು ಕಂಪನಿ ಒಪ್ಪಿ ನಿರ್ಧರಿಸಬೇಕು. ಆದ್ದರಿಂದ ದರ ಹೋಲಿಸುವಾಗ ಎಲ್ಲ ಕಂಪನಿಗಳಲ್ಲೂ ಒಂದೇ ಐ.ಡಿ.ವಿ. ಇಟ್ಟು ನೋಡಬೇಕು.

ಉಳಿತಾಯಕ್ಕೆ ಬೇರೆ ದಾರಿಗಳಿವೆ. ಹಾನಿಯಾದಾಗ ಇನ್ನಷ್ಟು ಮೊತ್ತವನ್ನು ತಾವೇ ಭರಿಸುವುದಾಗಿ ಒಪ್ಪಿದರೆ ಕಂತು ಇಳಿಯುತ್ತದೆ. ಕಡಿಮೆ ಓಡಿಸುವವರಿಗೆ ಕಿಲೋಮೀಟರ್ ಲೆಕ್ಕದ ವಿಮೆಗೆ 2022ರ ಜುಲೈಯಲ್ಲಿ ವಿಮಾ ಪ್ರಾಧಿಕಾರ ಅನುಮತಿ ಕೊಟ್ಟಿತು. ಕಾರು ತೀರ ಹಳತಾಗಿ ಬೆಲೆ ಕುಸಿದಿದ್ದರೆ ಥರ್ಡ್ ಪಾರ್ಟಿ ಮಾತ್ರ ಸಾಕೆಂದು ತೀರ್ಮಾನಿಸುವುದೂ ತಪ್ಪಲ್ಲ. ಮಾಲೀಕ-ಚಾಲಕರಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯ. ಆದರೆ ಅಷ್ಟೇ ಮೊತ್ತದ ವಿಮೆ ಬೇರೆಡೆ ಈಗಾಗಲೇ ಇದ್ದರೆ ಮತ್ತೊಮ್ಮೆ ಕೊಳ್ಳಬೇಕಿಲ್ಲ.

ನೀರು ನಿಲ್ಲುವ ಬಡಾವಣೆಯಲ್ಲಿರುವವರು ಮಾತ್ರ ಎಂಜಿನ್ ರಕ್ಷಣೆಯನ್ನು ಬಿಡಬಾರದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಮಹದೇವಪುರ ಭಾಗಗಳು ಜಲಾವೃತವಾದದ್ದು ನೆನಪಿರಬಹುದು. ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಲು ಹೋಗಿ ಕೆಡಿಸಿಕೊಂಡರೆ ಸಾಧಾರಣ ಪಾಲಿಸಿಯಲ್ಲಿ ಆ ನಷ್ಟ ಸಿಗುವುದು ಕಷ್ಟ.

ಲೈಸೆನ್ಸ್ ನೋಡಿದಿರಾ?

ಎಷ್ಟೇ ಒಳ್ಳೆಯ ಪಾಲಿಸಿ ಇದ್ದರೂ ಚಾಲಕರ ಲೈಸೆನ್ಸ್ ಮುಗಿದಿದ್ದರೆ ಪರಿಹಾರಕ್ಕೆ ಕುತ್ತು. ಐವತ್ತೈದು ದಾಟಿದವರ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ವೈದ್ಯರ ಪ್ರಮಾಣಪತ್ರವೂ ಬೇಕು. ಇದನ್ನು ಕಾಟಾಚಾರವೆಂದು ತಿಳಿಯದೆ ಕಣ್ಣು, ಕಿವಿಗಳ ತಪಾಸಣೆಗೆ ನೆಪ ಮಾಡಿಕೊಳ್ಳುವುದು ಒಳ್ಳೆಯದು.

ತಾತನ ಕಾರನ್ನು ಮೊಮ್ಮಕ್ಕಳು ಓಡಿಸುವ ಮನೆಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಎಲ್.ಎಲ್.ಆರ್. ಇರುವವರು ಪಕ್ಕದಲ್ಲಿ ಲೈಸೆನ್ಸ್ ಇರುವ ತರಬೇತುದಾರರು ಇಲ್ಲದೆ, ‘ಎಲ್’ ಫಲಕವಿಲ್ಲದೆ ಓಡಿಸುವಂತಿಲ್ಲ. ಲೈಸೆನ್ಸೇ ಇಲ್ಲದವರು ಅಪಘಾತ ಮಾಡಿದರೆ, ಗಾಯಾಳುವಿಗೆ ವಿಮಾ ಕಂಪನಿ ಪರಿಹಾರ ಕೊಟ್ಟು ಆ ಹಣವನ್ನು ಮಾಲೀಕರಿಂದ ವಸೂಲು ಮಾಡುವಂತೆ ನ್ಯಾಯಾಲಯಗಳು ಆದೇಶಿಸಿರುವುದುಂಟು. ಅಂದರೆ ಪಿಂಚಣಿಗೆ, ಮನೆಗೆ ಸಂಚಕಾರ. ಹದಿನೆಂಟು ತುಂಬದ ಮಕ್ಕಳ ಕೈಗೆ ಕಾರು ಕೊಟ್ಟರೆ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ಮಾಲೀಕ-ಚಾಲಕರ 15 ಲಕ್ಷದ ವಿಮೆ ಮೊಮ್ಮಗಳಿಗೆ ಅನ್ವಯಿಸುವುದಿಲ್ಲ ಎಂಬುದನ್ನೂ ತಂದೆತಾಯಿಗಳು ತಿಳಿದಿರಬೇಕು. ಅವಳೂ ಕಾರು ಓಡಿಸುವುದಾದರೆ ಅವಳಿಗೆ ಬೇರೆ ಅಪಘಾತ ವಿಮೆ ಬೇಕು.

ನ್ಯಾಯವಾದ ಪರಿಹಾರವನ್ನು ಕಂಪನಿ ನಿರಾಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತಾರದಿದ್ದರೆ ವಿಮಾ ಲೋಕಪಾಲರ ಮೊರೆ ಹೋಗಬಹುದು. ಬೆಂಗಳೂರಿನಲ್ಲಿ ಅವರ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಹಾಗಾದರೆ ಮೇಷ್ಟ್ರ ಮೊಮ್ಮಗಳು ಏನು ಮಾಡಬೇಕು? ಹಳೆಯ ಪಾಲಿಸಿ ತೆಗೆದು ಬೋನಸ್ ಎಷ್ಟಿದೆಯೆಂದು ನೋಡಬೇಕು. ಒಂದೇ ಐ.ಡಿ.ವಿ. ಇಟ್ಟು ನಾಲ್ಕಾರು ಕಂಪನಿಗಳ ದರವನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ತಾತನ ಲೈಸೆನ್ಸಿನ ತಾರೀಖನ್ನೂ ವಿಮೆ ಮುಗಿಯುವ ತಾರೀಖನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಹಣ ಕಟ್ಟುವುದು ಆಮೇಲೆ. ಒಂದು ಸಂಜೆಯ ಕೆಲಸ ಅಷ್ಟೆ.