ಬೋಣಿ ತಡವಾದ ದಿನ ಹುರುಪು ಎಲ್ಲಿಂದ ತರೋದು?

ಕೊಲ್ಹಾರ: ಶಟರ್ ಎತ್ತಿ, ಕಸ ಹೊಡೆದು, ದೇವರ ಫೋಟೋಕ್ಕೆ ಊದಿನಕಡ್ಡಿ ಹಚ್ಚಿ ಕುಳಿತ ಅಂಗಡಿಕಾರನಿಗೆ ಹನ್ನೊಂದು ಗಂಟೆಯಾದರೂ ಗಿರಾಕಿ ಬರದಿದ್ದರೆ ಮನಸ್ಸು ಕುಸಿಯೋದು ಸಹಜ. ಮಗ್ಗುಲಿನವರು ಮಾತಾಡಿಸಿದರೆ "ಇನ್ನಾ ಬೋಣಿನ ಆಗಿಲ್ರೀ ಕಾಕಾ" ಅನ್ನೋದೊಂದೇ ಉತ್ತರ. ಮಳೆ ಕೈಕೊಟ್ಟ ವರ್ಷ, ಉಳ್ಳಾಗಡ್ಡಿ ದರ ಬಿದ್ದ ವಾರ, ಹಳ್ಳಿ ಜನರ ಕೈಯಲ್ಲಿ ರೊಕ್ಕ ಆಡದ ತಿಂಗಳು ಇಂಥ ದಿನಗಳು ಒಂದರ ಹಿಂದೊಂದು ಬರ್ತವೆ. ಆಗ ನಾಳೆ ಮತ್ತೆ ಶಟರ್ ಎತ್ತೋ ಹುರುಪು ಉಳಿಸಿಕೊಳ್ಳೋದು ಹೇಗೆ?

ಮೊಬೈಲಿನಲ್ಲಿ ಇದಕ್ಕೆ ಉಪದೇಶ ಬೇಕಾದಷ್ಟು ಸಿಗುತ್ತೆ. ಒಳ್ಳೇದನ್ನೇ ಯೋಚಿಸಿ, ದೊಡ್ಡ ಕನಸು ಕಾಣಿ ಅಂತಾರೆ. ಅದರಲ್ಲಿ ಅರ್ಧ ಖರೆ, ಅರ್ಧ ಬರೀ ಗಾಳಿ. ಯಾವುದು ಖರೆ ಅಂತ ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಭಾಗದ ವ್ಯಾಪಾರ, ಒಕ್ಕಲುತನದ ರೂಢಿಗಳಲ್ಲೇ ಅದರ ಬೇರು ಇದೆ.

ಬೋಣಿಯನ್ನೇ ನೋಡಿ. ಮೊದಲ ಗಿರಾಕಿ ಕೊಟ್ಟ ಹಣ ಹತ್ತು ರೂಪಾಯಿ ಇರಲಿ, ಸಾವಿರ ಇರಲಿ, ಕಣ್ಣಿಗೆ ಒತ್ತಿಕೊಂಡೇ ಗಲ್ಲಾಕ್ಕೆ ಹಾಕ್ತಾರೆ. ಹಣ ಎಷ್ಟು ಅನ್ನೋದಕ್ಕಿಂತ ಮೊದಲು ಅದು ಬಂತು ಅನ್ನೋದಕ್ಕೆ ನಮಸ್ಕಾರ. (ಈಗ ಸ್ಕ್ಯಾನರ್ ಬಂದು ಕಣ್ಣಿಗೆ ಒತ್ತಿಕೊಳ್ಳೋ ನೋಟೇ ಕಡಿಮೆಯಾಗಿದೆ, ಆ ಮಾತು ಬೇರೆ.) ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲೋದೂ ಹಾಗೇ. ಸಜ್ಜಿ ರೊಟ್ಟಿ, ಎಣಗಾಯಿ, ಕಡುಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ ಮೊದಲ ತುತ್ತು ಭೂಮಿಗೆ ಕೊಡ್ತಾರೆ. ರಾಶಿ ಇನ್ನೂ ಮನೆಗೆ ಬಂದಿರೋದಿಲ್ಲ. ಬಿಳಿಜೋಳ ನಿಂತಿರೋದು ಹೊಲದಲ್ಲೇ. ಬೆಳೆ ಸೊರಗಿದ ವರ್ಷವೂ ಚರಗ ತಪ್ಪಿಸೋದಿಲ್ಲ. ಅಂದರೆ ಕೃತಜ್ಞತೆ ಲಾಭ ಎಣಿಸಿದ ಮೇಲೆ ಬರೋ ಮಾತಲ್ಲ ಅನ್ನೋದನ್ನ ಇಲ್ಲಿನ ಒಕ್ಕಲಿಗರು ಎಂದೋ ಕಂಡುಕೊಂಡಿದ್ದಾರೆ.

ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಅಮೆರಿಕದ ಮನೋವಿಜ್ಞಾನಿಗಳಾದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಗುಂಪಿನ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಐದರವರೆಗೆ ಒಳ್ಳೆಯ ಸಂಗತಿಗಳನ್ನು ಬರೆದಿಟ್ಟರು. ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಿತು. ಹತ್ತು ವಾರದ ನಂತರ ಮೊದಲ ಗುಂಪಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು, ವ್ಯಾಯಾಮವನ್ನೂ ಹೆಚ್ಚು ಮಾಡಿದ್ದರು. ನಂತರ ನಡೆದ ಅಧ್ಯಯನಗಳು ಈ ಪರಿಣಾಮ ಇರೋದು ನಿಜ, ಆದರೆ ಸಣ್ಣದು ಅಂತ ತೋರಿಸಿವೆ. ಸಾಲ ತೀರೋದಿಲ್ಲ, ಗಿರಾಕಿ ಸಾಲುಗಟ್ಟೋದಿಲ್ಲ. ಆದರೆ ರಾತ್ರಿ ಕಿರ್ದಿ ಬರೆಯೋವಾಗ ಕೊನೆಗೆ ಒಂದು ಸಾಲು — ಇವತ್ತು ಯಾರು ಹಳೇ ಬಾಕಿ ತಾವಾಗೇ ತಂದುಕೊಟ್ಟರು, ಯಾರು ಚಿಲ್ಲರೆ ಕೊಟ್ಟು ಸಹಾಯ ಮಾಡಿದರು — ಬರೆದಿಟ್ಟರೆ ಖರ್ಚೇನೂ ಇಲ್ಲ. "ದೇವರು ಚೊಲೊ ಇಟ್ಟಾನ" ಅಂತ ದಿನಾ ಒಂದೇ ಸಾಲು ಬರೆದರೆ ನಾಲ್ಕು ದಿನಕ್ಕೆ ಬ್ಯಾಸರ ಬರುತ್ತೆ. ಹೆಸರು ಹಿಡಿದು, ಆಗಿದ್ದನ್ನು ಆಗಿದ್ದ ಹಾಗೆ ಬರೆಯಬೇಕು.

ಇನ್ನು ಒಳ್ಳೇದರ ಕಡೆ ಗಮನ ಕೊಡೋದು. ಇಲ್ಲಿ ಎಚ್ಚರ ಬೇಕು. ಒಳ್ಳೇದು ನೋಡೋದು ಅಂದರೆ ಕೆಟ್ಟದ್ದಕ್ಕೆ ಕಣ್ಣು ಮುಚ್ಚೋದಲ್ಲ. ಕೊಲ್ಹಾರದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೇ ಊರು ಬಿಟ್ಟು, ಹೆದ್ದಾರಿ ಕಡೆಗೆ ಹೊಸ ಊರು ಕಟ್ಟಿಕೊಂಡವರು ಇವರು. ಹುಟ್ಟಿದ ಓಣಿ, ಅಜ್ಜನ ಅಂಗಡಿ ಕಟ್ಟೆ ಕಳೆದುಕೊಂಡವರಿಗೆ "ಎಲ್ಲಾ ಒಳ್ಳೇದಕ್ಕೇ" ಅಂದರೆ ಸಿಟ್ಟು ಬರೋದು ನ್ಯಾಯ. ಹೋದದ್ದು ಹೋಯಿತು ಅನ್ನೋ ಲೆಕ್ಕ ಇಟ್ಟುಕೊಂಡೇ, ಇದ್ದದ್ದರಲ್ಲಿ ಏನು ಮಾಡಬಹುದು ಅಂತ ನೋಡಿದ್ದಕ್ಕೆ ಹೊಸ ಜಾಗದಲ್ಲಿ ಬಜಾರ ಎದ್ದಿತು. ಹೆದ್ದಾರಿಯ ಓಡಾಟವೇ ಗಿರಾಕಿಯಾಯಿತು. 2017ರ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಕೊಲ್ಹಾರದ ಹೆಸರೂ ಬಂತು.

ಬರೀ ಚಂದದ ಕನಸು ಕಾಣೋದರಿಂದ ನಷ್ಟವೂ ಆಗಬಹುದು. ಜರ್ಮನಿಯಲ್ಲಿ ಗೇಬ್ರಿಯೆಲ್ ಎಟಿಂಗನ್ ಅನ್ನೋ ಸಂಶೋಧಕಿ ಡಿಗ್ರಿ ಮುಗಿಸಿ ನೌಕರಿ ಹುಡುಕೋ ಹುಡುಗರನ್ನು ಗಮನಿಸಿದರು. ನೌಕರಿ ಸಿಕ್ಕೇಬಿಟ್ಟಿದೆ ಅಂತ ಮನಸ್ಸಿನಲ್ಲೇ ಹೆಚ್ಚು ಮಂಡಿಗೆ ತಿಂದವರು ಎರಡು ವರ್ಷದ ನಂತರ ಕಡಿಮೆ ಸಂಬಳ ಪಡೀತಿದ್ದರು, ಅರ್ಜಿ ಹಾಕಿದ್ದೂ ಕಡಿಮೆ. ಆಕೆ ಹೇಳೋ ಉಪಾಯ ಸರಳ: ಆಗಬೇಕಾದ್ದನ್ನು ನೆನೆಸಿಕೊಳ್ಳಿ, ಕೂಡಲೇ ಅದಕ್ಕೆ ಅಡ್ಡ ಬರೋದು ಏನು ಅಂತಲೂ ನೋಡಿ. ಉದ್ರಿ ವಸೂಲಿ ಆಗಬೇಕು ಅನ್ನೋದು ಆಸೆ. ಕೇಳೋಕೆ ಸಂಕೋಚ ಅನ್ನೋದು ಅಡ್ಡಿ. ಅಡ್ಡಿ ಯಾವುದು ಅಂತ ಗೊತ್ತಾದ ಮೇಲೆ ದಾರಿ ಹುಡುಕಬಹುದು.

ಆ ದಾರಿಯೇ ಸಣ್ಣ ಗುರಿ. ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರೋದು ಇದೇ. 1981ರಲ್ಲಿ ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶಂಕ್ ಲೆಕ್ಕದಲ್ಲಿ ಹಿಂದುಳಿದ ಮಕ್ಕಳಿಗೆ 42 ಪುಟಗಳ ಕಳೆಯುವ ಲೆಕ್ಕ ಕೊಟ್ಟರು. ಒಂದು ಗುಂಪಿಗೆ ದಿನಕ್ಕೆ 6 ಪುಟ ಮುಗಿಸಿ ಅಂದರು, ಇನ್ನೊಂದು ಗುಂಪಿಗೆ ಏಳು ಪಾಳಿಯಲ್ಲಿ ಪೂರ್ತಿ 42 ಮುಗಿಸಿ ಅಂದರು. ಕೆಲಸ ಎರಡೂ ಒಂದೇ. ಆದರೆ ಆರಾರು ಪುಟದ ಗುಂಪು ಬಹಳ ಮುಂದೆ ಹೋಯಿತು, ಲೆಕ್ಕದ ಮೇಲೆ ಆ ಮಕ್ಕಳಿಗೆ ಆಸಕ್ತಿಯೂ ಹುಟ್ಟಿತು. ದೂರದ ಗುರಿ ಹಿಡಿದವರಿಗೂ ಗುರಿಯೇ ಇಲ್ಲದವರಿಗೂ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ.

ಅಂಗಡಿಗೆ ಇದು ಹೇಗೆ ಹೊಂದುತ್ತೆ ಅಂತ ತಿಳಿಯಲು ಕೊಲ್ಹಾರದ ಮೊಸರು ಸಾಕು. ಈ ದಾರಿಯಲ್ಲಿ ಹೋಗೋ ಪ್ರಯಾಣಿಕರು ಮಣ್ಣಿನ ಕುಡಿಕೆಯ ಮೊಸರು ಹುಡುಕಿಕೊಂಡು ಇಳೀತಾರೆ. ಇವತ್ತು ಎಷ್ಟು ಬಸ್ಸು ನಿಲ್ತವೆ, ಎಷ್ಟು ಜನ ಇಳೀತಾರೆ ಅನ್ನೋದು ಮಾರೋರ ಕೈಯಲ್ಲಿಲ್ಲ. ಎಮ್ಮೆ ಹಾಲನ್ನು ಗಟ್ಟಿಯಾಗೋ ತನಕ ಕಾಯಿಸೋದು, ಉಗುರುಬೆಚ್ಚಗಾದಾಗ ಹೆಪ್ಪು ಹಾಕೋದು, ನೀರಿನಂಶ ಹೀರೋ ಕುಡಿಕೆಯನ್ನು ಸ್ವಚ್ಛ ಇಡೋದು, ಇಷ್ಟು ಮಾತ್ರ ಕೈಯಲ್ಲಿದೆ. ಮೊಸರು ಬಹಳ ದಿನ ಇಡೋ ಮಾಲಲ್ಲ, ಹಾಗಾಗಿ ಗುರಿಯೂ ಅಂದಂದಿನದೇ.

ಕಿರಾಣಿ, ಬಟ್ಟೆ, ಗೊಬ್ಬರದ ಅಂಗಡಿಗೂ ಇದೇ ಲೆಕ್ಕ. "ಈ ತಿಂಗಳು ವ್ಯಾಪಾರ ದುಪ್ಪಟ್ಟು ಮಾಡ್ತೀನಿ" ಅನ್ನೋದು ಗಿರಾಕಿಯ ಕೈಯಲ್ಲಿರೋ ಗುರಿ. "ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಒಂದು ರ್‍ಯಾಕ್ ಇಳಿಸಿ, ತಾರೀಖು ಮುಗಿಯೋ ಮಾಲು ಮುಂದೆ ಇಡ್ತೀನಿ", "ಊಟ ಆದ ಕೂಡಲೇ ಇಬ್ಬರು ಉದ್ರಿಯವರಿಗೆ ಫೋನ್ ಮಾಡ್ತೀನಿ" ಅನ್ನೋದು ತನ್ನ ಕೈಯಲ್ಲಿರೋದು. ಯಾವಾಗ ಅನ್ನೋದು ಗುರಿಯ ಜೊತೆಗೇ ಇರಬೇಕು. ಪುರುಸೊತ್ತಾದಾಗ ನೋಡೋಣ ಅಂದರೆ ಪುರುಸೊತ್ತು ಆಗೋದೇ ಇಲ್ಲ. ಮುಗಿದ ಕೆಲಸಕ್ಕೆ ಒಂದು ಗೀಟು ಹೊಡೆದುಬಿಟ್ಟರೆ ಬೋಣಿ ಆಗದ ದಿನವೂ ಪೂರಾ ಖಾಲಿ ಹೋಗೋದಿಲ್ಲ.

ದಿನದಿನದ ಕೆಲಸ ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ಜಿಲ್ಲೆಯಲ್ಲೇ ಒಬ್ಬರಿದ್ದರು, ಫ.ಗು. ಹಳಕಟ್ಟಿ. 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿ, ವಿಜಯಪುರಕ್ಕೆ ವಕೀಲಿಕೆ ಮಾಡಲು ಬಂದವರು. ಮನೆಮನೆಯ ಜಂತಿಯಲ್ಲಿ, ದೇವರ ಜಗುಲಿಯಲ್ಲಿ ಉಳಿದಿದ್ದ ತಾಳೆಗರಿ ಕಟ್ಟುಗಳನ್ನು ಹುಡುಕಿ, ವಚನಗಳನ್ನು ಒಂದೊಂದಾಗಿ ನಕಲು ಮಾಡಿ, ಪಾಠ ಹೋಲಿಸಿ ತಿದ್ದಿದರು. 1923ರಲ್ಲಿ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗ ಬಂತು. ಅಚ್ಚು ಹಾಕಲು ಸ್ವಂತ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಬಡತನ ಕೊನೆತನಕ ಬಿಡಲಿಲ್ಲ. ಪಕ್ಕದ ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ವಚನಗಳನ್ನು ಇವತ್ತು ಶಾಲೆ ಮಕ್ಕಳು ಪುಸ್ತಕದಲ್ಲಿ ಓದ್ತಾರೆ ಅಂದರೆ, ಅದರ ಹಿಂದೆ ಇರೋದು ಈ ಗರಿ ಗರಿ ಲೆಕ್ಕದ ದುಡಿಮೆ. ಎಲ್ಲಾ ವಚನ ಸಿಕ್ಕ ಮೇಲೆ ಶುರು ಮಾಡೋಣ ಅಂತ ಕುಳಿತಿದ್ದರೆ ಆ ಗರಿಗಳಲ್ಲಿ ಎಷ್ಟೋ ಗೆದ್ದಲಿನ ಪಾಲಾಗ್ತಿದ್ದವು. ಅವರು ತೀರಿಕೊಂಡಿದ್ದು 1964ರಲ್ಲಿ. ಜುಲೈ 2ನ್ನು ಸರ್ಕಾರ ಈಗ ವಚನ ಸಾಹಿತ್ಯ ಸಂರಕ್ಷಣಾ ದಿನವಾಗಿ ಆಚರಿಸುತ್ತೆ.

ಒಂದು ಮಾತು ಮಾತ್ರ ಬೇರೆಯಾಗಿ ಹೇಳಬೇಕು. ಎರಡು ವಾರ ದಾಟಿದರೂ ನಿದ್ದೆ ಬಾರದೆ, ಊಟ ಸೇರದೆ, ಮೊದಲು ಇಷ್ಟವಿದ್ದ ಯಾವುದರಲ್ಲೂ ಮನಸ್ಸು ನಿಲ್ಲದೆ ಇದ್ದರೆ ಅದು ಸೋಮಾರಿತನ ಅಲ್ಲ, ಕಿರ್ದಿಯಲ್ಲಿ ಒಂದು ಸಾಲು ಬರೆದರೆ ಹೋಗುವಂಥದ್ದೂ ಅಲ್ಲ. ಸಾಲದ ಚಿಂತೆಯಲ್ಲಿ ಜೀವ ಬೇಡ ಅನಿಸಿದರಂತೂ ತಡ ಮಾಡಬಾರದು. ಮನೆಯವರಿಗೆ ಹೇಳಬೇಕು, ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.