ನಿಮಗಿದು ಗೊತ್ತೆ? ಸೌದೆಯಲ್ಲಿರುವುದು 60 ಗ್ರಾಂ, ಸಿಗುವುದು 100!

ಒಂದು ಕಿಲೊ ಒಣ ಸೌದೆಯಲ್ಲಿ ಅಡಗಿರುವ ಜಲಜನಕ ಸುಮಾರು 60 ಗ್ರಾಂ. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್) ಪ್ರೊ. ಎಸ್. ದಾಸಪ್ಪ ಅವರ ತಂಡ ಒಂದು ಕಿಲೊ ಜೀವರಾಶಿಯಿಂದ (ಸೌದೆ, ಕಡ್ಡಿಕಸದಂಥ ಸಸ್ಯಮೂಲದ ವಸ್ತುವಿನಿಂದ) 100 ಗ್ರಾಂ ಜಲಜನಕ ತೆಗೆದು ತೋರಿಸಿದೆ. ಉಳಿದ 40 ಗ್ರಾಂ ಎಲ್ಲಿಂದ ಬಂತು? ನೀರಿನಿಂದ!

ಒಲೆಯಲ್ಲಿ ಸೌದೆ ಗಾಳಿಯ ನೆರವಿನಿಂದ ಉರಿಯುತ್ತದೆ. ಆದರೆ ದಾಸಪ್ಪ ತಂಡದ ರಿಯಾಕ್ಟರಿಗೆ ಗಾಳಿಯ ಬದಲು ಆಮ್ಲಜನಕ ಮತ್ತು ಹಬೆಯನ್ನು ಹಾಯಿಸುತ್ತಾರೆ. ಗಾಳಿಯ ಶೇ 78ರಷ್ಟು ಭಾಗ ಸಾರಜನಕ. ಅದು ಒಳಹೊಕ್ಕರೆ ಸಿಗುವ ಅನಿಲದ ಸತ್ವ ಕುಗ್ಗುತ್ತದೆ. ನಿಗಿನಿಗಿ ಕೆಂಡದ ಮೇಲೆ ಹಬೆ ಹಾಯ್ದಾಗ ಇಂಗಾಲವು ನೀರಿನಲ್ಲಿರುವ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ, ಜಲಜನಕ ಬಿಡುಗಡೆಯಾಗುತ್ತದೆ. ಹೀಗೆ ಹುಟ್ಟಿದ ಇಂಗಾಲದ ಮಾನಾಕ್ಸೈಡ್ ಕೂಡ ಮತ್ತೆ ಹಬೆಯೊಡನೆ ಸೇರಿ ಇನ್ನಷ್ಟು ಜಲಜನಕ ಕೊಡುತ್ತದೆ. ಕೊನೆಗೆ, ಕಡಿಮೆ ಒತ್ತಡದಲ್ಲಿ ಕೆಲಸ ಮಾಡುವ ಘಟಕವೊಂದು ಮಿಶ್ರ ಅನಿಲದಿಂದ ಶುದ್ಧ ಜಲಜನಕವನ್ನು ಬೇರ್ಪಡಿಸುತ್ತದೆ.

ಇಂಗಾಲದ ಡೈಆಕ್ಸೈಡ್ ಇಲ್ಲಿಯೂ ಹೊರಬರುತ್ತದೆ, ನಿಜ. ಆದರೆ ಅದು ಗಿಡಮರಗಳು ಬೆಳೆಯುವಾಗ ಗಾಳಿಯಿಂದಲೇ ಹೀರಿದ್ದು, ನೆಲದಾಳದ ಕಲ್ಲಿದ್ದಲಿನದಲ್ಲ. ವಿದ್ಯುತ್ತಿನಿಂದ ನೀರನ್ನು ಒಡೆದು ಒಂದು ಕಿಲೊ ಜಲಜನಕ ಪಡೆಯಲು 50 ಯೂನಿಟ್ ಆಸುಪಾಸು ಕರೆಂಟ್ ಬೇಕು. ಹೀಗಿರುವಾಗ ಹೊಲದ ಬದುವಿನಲ್ಲಿ ಬೆಂಕಿಗೆ ಹಾಕುವ ಕಡ್ಡಿಕಸವನ್ನು ಇಂಧನವೆಂದು ನೋಡುವ ಈ ಸಂಶೋಧನೆ ನಮ್ಮಂಥ ಕೃಷಿಪ್ರಧಾನ ದೇಶಕ್ಕೆ ತೀರಾ ಬೇಕಾದದ್ದು.

2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಜಲಜನಕ (ಕಲ್ಲಿದ್ದಲಿನಂಥ ಇಂಧನ ಬಳಸದೆ ಪಡೆದದ್ದು) ತಯಾರಿಸುವ ಸಾಮರ್ಥ್ಯ ಗಳಿಸುವುದು ಭಾರತದ ಗುರಿ.